ಇಲಿ ಬಿದ್ದ ಊರು: 1898ರ ಪ್ಲೇಗ್ ಮತ್ತು ಬೆಂಗಳೂರಿನ ಪೌರಸೇವೆಗಳು



ಬೆಂಗಳೂರಿನ ಮಲ್ಲೇಶ್ವರ ಅಥವಾ ಬಸವನಗುಡಿಯ ಹಳೆಯ ಭಾಗದಲ್ಲಿ ಅಡ್ಡಾಡುವಾಗ ನೀವು ಒಂದು ವಿಶೇಷವನ್ನು ಗಮನಿಸಿರಬಹುದು. ಎರಡು ಸಾಲು ಮನೆಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತಿರುವ ಕಡೆ ಅವುಗಳ ನಡುವೆ ಕಿರಿದಾದ ಒಂದು ಓಣಿ ಹಾದುಹೋಗುತ್ತದೆ. ಅದಕ್ಕೆ ಯಾವ ಮನೆಯ ಮುಂಬಾಗಿಲೂ ಇಲ್ಲ. ಅಲ್ಲಿ ರಂಗೋಲಿ ಇಲ್ಲ, ಜಗಲಿ ಇಲ್ಲ. ಎರಡೂ ಕಡೆ ಹಿತ್ತಿಲ ಗೋಡೆಗಳು, ಗೋಡೆಗಳಲ್ಲಿ ಅಲ್ಲಲ್ಲಿ ಮುಚ್ಚಿಹೋದ ಸಣ್ಣ ಬಾಗಿಲುಗಳ ಗುರುತು, ಅಷ್ಟೇ. ಹಳಬರು ಇದನ್ನು ‘ಕನ್ಸರ್ವೆನ್ಸಿ ಲೇನ್’ ಎಂದು ಕರೆಯುತ್ತಾರೆ. ನಿವೇಶನದ ಒಂದೊಂದು ಅಡಿಗೂ ಬೆಲೆ ಇರುವ ನಗರದಲ್ಲಿ ಇಷ್ಟು ಜಾಗವನ್ನು ಮನೆಗಳ ಹಿಂದೆ ಬಿಟ್ಟವರು ಯಾರು? ಏಕೆ ಬಿಟ್ಟರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, 1898ರ ಬೆಂಗಳೂರಿಗೆ ಹೋಗಬೇಕಾಗುತ್ತದೆ.

ಇತಿಹಾಸವೆಂದರೆ ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳಷ್ಟೇ ಅಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬಂತು, ಬೀದಿಯ ಕಸವನ್ನು ಯಾರು ಎತ್ತಿದರು, ಕಾಯಿಲೆ ಬಿದ್ದವರನ್ನು ಎಲ್ಲಿಗೆ ಒಯ್ದರು ಎಂಬುದೂ ಇತಿಹಾಸವೇ. ಒಂದು ಸಾಂಕ್ರಾಮಿಕ ರೋಗವು ಒಂದು ನಗರದ ಪೌರಸೇವೆಗಳನ್ನು ಹೇಗೆ ಬದಲಾಯಿಸಿತು ಮತ್ತು ಆ ಬದಲಾವಣೆಯ ಫಲ ಯಾರಿಗೆ ದಕ್ಕಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಒಂದು ಹೆಸರು, ಎರಡು ಊರು

ಅಂದಿನ ಬೆಂಗಳೂರು ಹೆಸರಿಗೆ ಒಂದೇ ಊರಾದರೂ ಆಡಳಿತದಲ್ಲಿ ಎರಡು ಊರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಮತ್ತು ಅದರ ಸುತ್ತಲಿನ ಭಾಗ ‘ಸಿಟಿ’ ಎನಿಸಿಕೊಂಡಿತ್ತು. ಅದು ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಪೂರ್ವಕ್ಕೆ, ಹಲಸೂರಿನ ಕಡೆಗೆ, ಬ್ರಿಟಿಷ್ ಸೈನ್ಯ ನೆಲೆಸಿದ ದಂಡು ಪ್ರದೇಶ. 1881ರಲ್ಲಿ ಮೈಸೂರಿನ ಆಡಳಿತವನ್ನು ಒಡೆಯರ ಮನೆತನಕ್ಕೆ ಮರಳಿಸಿದಾಗ ಈ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದಕ್ಕೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಹೆಸರು. 1862ರಲ್ಲೇ ಈ ಎರಡು ಭಾಗಗಳಿಗೂ ಬೇರೆ ಬೇರೆ ಪುರಸಭೆಗಳು ಸ್ಥಾಪನೆಯಾಗಿದ್ದವು. ಎರಡೂ ಸೇರಿ ಒಂದೇ ನಗರಪಾಲಿಕೆ ಆದದ್ದು ಸ್ವಾತಂತ್ರ್ಯಾನಂತರ, 1949ರಲ್ಲಿ.

ಪೇಟೆಯ ಜೀವನವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಚಿಕ್ಕಪೇಟೆ, ದೊಡ್ಡಪೇಟೆ, ತರಗುಪೇಟೆ, ಬಳೇಪೇಟೆ, ನಗರ್ತಪೇಟೆ ಇವೆಲ್ಲ ಒತ್ತೊತ್ತಾಗಿ ಬೆಳೆದ ಬೀದಿಗಳು. ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಮನೆ. ಮನೆಯೊಳಗೇ ಮಗ್ಗ, ದವಸದ ಮೂಟೆ, ಕಟ್ಟಿದ ದನ. ಮಣ್ಣಿನ ಗೋಡೆ, ನಾಡಹಂಚಿನ ಸೂರು. ಕುಡಿಯುವ ನೀರಿಗೆ ಬಾವಿ, ಕಲ್ಯಾಣಿಗಳಲ್ಲದೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೇ ಆಧಾರ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲೇ ಮುಂದೆ ಕೆಂಪೇಗೌಡ ಬಸ್ ನಿಲ್ದಾಣ ಎದ್ದು ನಿಂತಿತು. ಮಳೆ ಕೈಕೊಟ್ಟ ವರ್ಷ ಕೆರೆಯ ನೀರು ತಳ ಹಿಡಿಯುತ್ತಿತ್ತು, ಕಾಲರಾ ತಲೆ ಎತ್ತುತ್ತಿತ್ತು.

ಈ ಕೊರತೆ ಅಂದಿನ ಆಡಳಿತಗಾರರಿಗೆ ತಿಳಿಯದ್ದೇನಲ್ಲ. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನೀರು ತರುವ ಯೋಜನೆ ಸಿದ್ಧವಾಯಿತು. ಹೆಸರಘಟ್ಟದ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಉಗಿಯಂತ್ರಗಳ ಬಲದಿಂದ ನಗರದ ಕಡೆಗೆ ಏರುತ್ತಿತ್ತು. 1896ರ ಹೊತ್ತಿಗೆ ನಗರಕ್ಕೆ ಕೊಳವೆ ನೀರು ಬಂದಿತು. 1894ರಲ್ಲಿ ತೀರಿಕೊಂಡ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನು ಈ ಯೋಜನೆಗೆ ಇಡಲಾಯಿತು. 1897ರ ಜೂನ್ 22ರಂದು, ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 60 ವರ್ಷ ತುಂಬಿದ ನೆನಪಿಗೆ, ಕೋಟೆಯ ಸಮೀಪದಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಶಂಕುಸ್ಥಾಪನೆ ಮಾಡಿದರು. ಪೇಟೆಯ ಇಕ್ಕಟ್ಟನ್ನು ಕಡಿಮೆ ಮಾಡಲು ಊರ ಹೊರಗೆ ಹೊಸ ಬಡಾವಣೆಗಳನ್ನು ಹಾಕುವ ಆಲೋಚನೆಯೂ 1890ರ ದಶಕದ ಮೊದಲ ಭಾಗದಲ್ಲೇ ನಡೆದಿತ್ತು. 1892ರ ಚಾಮರಾಜಪೇಟೆ ಅದಕ್ಕೆ ಸಾಕ್ಷಿ.

ಈ ಇಸವಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ಪ್ಲೇಗ್ ಬಂದದ್ದರಿಂದ ಬೆಂಗಳೂರಿಗೆ ಬಡಾವಣೆ ಬಂತು, ಆಸ್ಪತ್ರೆ ಬಂತು’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಅರ್ಧ ಸತ್ಯ. ಯೋಜನೆಗಳು ಮೊದಲೇ ಇದ್ದವು. ಅವುಗಳಿಗೆ ಅವಸರ ತಂದದ್ದು ಪ್ಲೇಗ್.

ರೈಲಿನಲ್ಲಿ ಬಂದ ಮಾರಿ

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಹಬ್ಬಿತು. ಅಲ್ಲಿಗೆ ಹೋಗಿದ್ದ ವಿಜ್ಞಾನಿ ಅಲೆಕ್ಸಾಂಡರ್ ಯೆರ್ಸಿನ್ ಆ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದರು. 1896ರಲ್ಲಿ ರೋಗ ಮುಂಬಯಿಯ ಬಂದರಿಗೆ ಕಾಲಿಟ್ಟಿತು. ಬಂದರಿಗೆ ಹತ್ತಿರದ ಮಾಂಡವಿಯ ವಸತಿಗಳಲ್ಲಿ ಅದನ್ನು ಪ್ಲೇಗ್ ಎಂದು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಾಸ್. ಭಯಗೊಂಡ ಜನ ಊರು ಬಿಟ್ಟು ರೈಲು ಹತ್ತಿದರು. ಅವರ ಗಂಟುಮೂಟೆಯೊಡನೆ ರೋಗವೂ ಪ್ರಯಾಣ ಮಾಡಿತು. ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಅದು ಮುಟ್ಟಿತು. ಅಷ್ಟರಲ್ಲಿ ಹುಬ್ಬಳ್ಳಿಗೂ ಬೆಂಗಳೂರಿಗೂ ರೈಲು ಸಂಪರ್ಕ ಏರ್ಪಟ್ಟಿತ್ತು. 1898ರ ಆಗಸ್ಟ್ ತಿಂಗಳಲ್ಲಿ ಆ ದಾರಿಯಿಂದಲೇ ಪ್ಲೇಗ್ ಬೆಂಗಳೂರನ್ನು ಪ್ರವೇಶಿಸಿತು.

ರೋಗದ ಲಕ್ಷಣ ಭಯಂಕರವಾದದ್ದು. ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆನೋವು, ಸುಸ್ತು. ತೊಡೆಸಂದಿಯಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ನೋವಿನಿಂದ ಕೂಡಿದ ಗಡ್ಡೆ. ಔಷಧವೆಂಬುದೇ ಇಲ್ಲದ ಆ ಕಾಲದಲ್ಲಿ ಗಡ್ಡೆ ಕಾಣಿಸಿಕೊಂಡವರಲ್ಲಿ ಬಹುಪಾಲು ಜನ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು.

ಎಷ್ಟು ಜನ ಸತ್ತರು? ಮನೆಯವರು ರೋಗವನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ಸಾವಿನ ಲೆಕ್ಕವನ್ನು ಪೂರ್ತಿಯಾಗಿ ನಂಬುವಂತಿಲ್ಲ. ಆದರೆ ಜನಗಣತಿಯ ಅಂಕಿಗಳು ಒಂದು ಅಂದಾಜು ಕೊಡುತ್ತವೆ. 1891ರಲ್ಲಿ ಸಿಟಿಯ ಜನಸಂಖ್ಯೆ 80,285, ದಂಡಿನದು 1,00,081, ಒಟ್ಟು 1,80,366. ಹತ್ತು ವರ್ಷಗಳ ನಂತರ, 1901ರಲ್ಲಿ, ಸಿಟಿಯಲ್ಲಿ ಇದ್ದವರು 69,447; ದಂಡಿನಲ್ಲಿ 89,599; ಒಟ್ಟು 1,59,046. ಬೆಳೆಯಬೇಕಾಗಿದ್ದ ನಗರ 21,320 ಜನರನ್ನು ಕಳೆದುಕೊಂಡಿತ್ತು. ಇವರೆಲ್ಲರೂ ಸತ್ತವರಲ್ಲ, ಊರು ಬಿಟ್ಟು ಹೋಗಿ ಇನ್ನೂ ಮರಳದವರೂ ಇದರಲ್ಲಿ ಸೇರಿದ್ದಾರೆ. ಆದರೂ ಎಂಟು ಮಂದಿಯಲ್ಲಿ ಒಬ್ಬರು ಇಲ್ಲವಾದ ಊರನ್ನು ಊಹಿಸಿಕೊಳ್ಳಿ. ಒಂದು ಗಮನಿಸಬೇಕಾದ ಅಂಶವೆಂದರೆ, ಆಡಳಿತ ಎರಡಾಗಿದ್ದರೂ ನಷ್ಟ ಎರಡೂ ಕಡೆ ಹೆಚ್ಚು ಕಡಿಮೆ ಸಮವಾಗಿತ್ತು. ಇಲಿಗೆ ಸಿಟಿಯ ಗಡಿಯೂ ತಿಳಿಯದು, ದಂಡಿನ ಗಡಿಯೂ ತಿಳಿಯದು.

ಅಧಿಕಾರದ ಕೈ, ಜನರ ಭಯ

ಬ್ರಿಟಿಷ್ ಸರ್ಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತ್ತು. ಪ್ರಯಾಣಿಕರನ್ನು ತಡೆದು ಪರೀಕ್ಷಿಸಲು, ಶಂಕಿತರನ್ನು ಬೇರೆ ಇಡಲು ಅದು ಅಧಿಕಾರಿಗಳಿಗೆ ವ್ಯಾಪಕ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ಶೋಧ ಮಾಡಿದರು. ದೇವರ ಕೋಣೆ, ಅಡುಗೆ ಮನೆ ಯಾವುದನ್ನೂ ಬಿಡಲಿಲ್ಲ. ಜನರ ಸಿಟ್ಟು ಎಲ್ಲಿಗೆ ಹೋಯಿತೆಂದರೆ, 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಕೆಲವು ದಿನಗಳಲ್ಲಿ ಅವನು ಮೃತಪಟ್ಟನು. ಬೆಂಗಳೂರಿನಲ್ಲಿ ಆಸ್ಪತ್ರೆಯ ಶಂಕುಸ್ಥಾಪನೆ ನಡೆದದ್ದೂ ಅದೇ ದಿನ ಎಂಬುದು ಕಾಕತಾಳೀಯ.

ಮೈಸೂರು ಸಂಸ್ಥಾನವೂ ಕಟ್ಟುನಿಟ್ಟಿನ ಕ್ರಮಗಳನ್ನು ಕೈಗೊಂಡಿತು. ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಲಾಯಿತು. ಮುಂದೆ 1906ರಲ್ಲಿ ಅವರೇ ಮೈಸೂರಿನ ದಿವಾನರಾದರು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ಊರ ಹೊರಗೆ ರೋಗಿಗಳಿಗೂ ಅವರ ಮನೆಯವರಿಗೂ ಕ್ಯಾಂಪುಗಳು, ರೋಗ ಕಂಡ ಮನೆಯನ್ನು ತೆರವು ಮಾಡಿಸಿ ಸುಣ್ಣ ಬಳಿಯುವುದು, ಔಷಧದ ನೀರು ಚೆಲ್ಲುವುದು, ಬಿಸಿಲು ಬೀಳಲೆಂದು ಹಂಚು ತೆಗೆಸುವುದು, ಹಳೆಯ ಬಟ್ಟೆಬರೆ ಸುಡುವುದು ಅಂದಿನ ರೂಢಿಯ ಕ್ರಮಗಳು.

ಜನ ಇದನ್ನು ಹೇಗೆ ಕಂಡರು? ಕ್ಯಾಂಪಿಗೆ ಹೋದವರು ಮರಳಿ ಬರುವುದಿಲ್ಲ ಎಂಬ ಮಾತು ಹಬ್ಬಿತು. ಜ್ವರ ಬಂದವರನ್ನು ಅಟ್ಟದ ಮೇಲೋ ದವಸದ ಕೋಣೆಯಲ್ಲೋ ಬಚ್ಚಿಡುವುದು, ರಾತ್ರಿಯ ಹೊತ್ತು ಗುಟ್ಟಾಗಿ ಸಂಸ್ಕಾರ ಮಾಡುವುದು ಪ್ಲೇಗ್ ಬಂದ ಊರುಗಳಲ್ಲೆಲ್ಲ ನಡೆಯಿತು. ಸತ್ತವರ ಮುಖ ನೋಡುವ, ಮಡಿಯಿಂದ ಕ್ರಿಯೆ ಮಾಡುವ ಹಕ್ಕನ್ನೇ ಕಿತ್ತುಕೊಂಡರೆ ಯಾವ ಮನೆಯವರು ತಾನೇ ಒಪ್ಪಿಯಾರು? ಗಂಡಸು ವೈದ್ಯರು ಹೆಂಗಸರ ತೊಡೆಸಂದಿ, ಕಂಕುಳು ಪರೀಕ್ಷಿಸುವುದನ್ನು ಸಹಿಸಿಕೊಳ್ಳುವುದು ಹೇಗೆ? 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ನಡೆಯಿತು. ಮುಂಬಯಿಯಲ್ಲೂ ಅದೇ ವರ್ಷ ದಂಗೆಯಾಯಿತು. ಬಲವಂತದಿಂದ ರೋಗ ಅಡಗುವ ಬದಲು ರೋಗಿ ಅಡಗುತ್ತಾನೆ ಎಂಬ ಪಾಠವನ್ನು ಸರ್ಕಾರಗಳು ನಿಧಾನವಾಗಿ ಕಲಿತವು. 1900ರ ಹೊತ್ತಿಗೆ ಭಾರತದಾದ್ಯಂತ ಇಂಥ ಕ್ರಮಗಳನ್ನು ಸಡಿಲಿಸಿ, ಒಪ್ಪಿಸುವ ದಾರಿಯನ್ನು ಹಿಡಿಯಲಾಯಿತು.

ಜನ ತಿಳಿದದ್ದು, ವಿಜ್ಞಾನ ತಿಳಿದದ್ದು

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಹಳ್ಳಿಗಳಲ್ಲಿ ‘ಇಲಿ ಬಿದ್ದಿತು’ ಎಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಬಯಲಿನಲ್ಲೋ ತೋಟದಲ್ಲೋ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸೂರಿನಿಂದ ಇಲಿ ಬಿದ್ದು ಸಾಯುವುದಕ್ಕೂ ಮನುಷ್ಯರಿಗೆ ಗಡ್ಡೆ ಏಳುವುದಕ್ಕೂ ಸಂಬಂಧವಿದೆ ಎಂದು ಅವರು ಅನುಭವದಿಂದ ಕಂಡುಕೊಂಡಿದ್ದರು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಓದಿದವರಿಗೆ ಪ್ಲೇಗ್ ಒಂದು ಮನೆಯನ್ನು ಹೇಗೆ ಬರಿದು ಮಾಡುತ್ತಿತ್ತು ಎಂಬುದರ ಚಿತ್ರ ಮರೆಯಲಾಗದು. ಆ ಕಥೆ ನಡೆಯುವುದು 1898ಕ್ಕಿಂತ ಬಹಳ ಈಚೆಗೆ. ಅಂದರೆ ರೋಗ ಅಷ್ಟು ಕಾಲ ನಮ್ಮ ನಾಡನ್ನು ಬಿಡಲಿಲ್ಲ.

ವಿಜ್ಞಾನಿಗಳು ಈ ಸಂಬಂಧವನ್ನು ಒಪ್ಪಲು ಸಮಯ ಹಿಡಿಯಿತು. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ ಇಲಿಯಿಂದ ಇಲಿಗೆ ರೋಗವನ್ನು ಒಯ್ಯುವುದು ಚಿಗಟ ಎಂದು ಪ್ರಯೋಗದಿಂದ ತೋರಿಸಿದರು. ಆದರೆ ಅವರ ಮಾತನ್ನು ಹಲವರು ನಂಬಲಿಲ್ಲ. 1905ರ ನಂತರ ಮುಂಬಯಿಯಲ್ಲಿ ನಡೆದ ವಿವರವಾದ ಸಂಶೋಧನೆಯಿಂದಲೇ ಅದು ಖಚಿತವಾದದ್ದು. ರೋಗ ಬಂದ ಇಲಿ ಸತ್ತೊಡನೆ ಅದರ ಮೈಮೇಲಿನ ಚಿಗಟಗಳು ಹೊಸ ಆಸರೆ ಹುಡುಕುತ್ತವೆ. ಇಲಿ ಸಿಗದಿದ್ದರೆ ಮನುಷ್ಯರನ್ನು ಕಚ್ಚುತ್ತವೆ. ಆದ್ದರಿಂದ ಇಲಿ ಬಿದ್ದ ಮನೆಯನ್ನು ಕೂಡಲೇ ಬಿಟ್ಟ ಹಳ್ಳಿಗರು ಮಾಡಿದ್ದು ಸರಿಯಾದ ಕೆಲಸ. ನೆಲಕ್ಕೆ ಔಷಧದ ನೀರು ಚೆಲ್ಲಿ ಇಲಿಗಳನ್ನು ಪಕ್ಕದ ಮನೆಗೆ ಓಡಿಸಿದ ಅಧಿಕಾರಿಗಳು ಮಾಡಿದ್ದು ಅಷ್ಟು ಸರಿಯಾದ ಕೆಲಸವಲ್ಲ. ಅದೇ ರೀತಿ, ಹೆಸರಘಟ್ಟದ ಶುದ್ಧ ನೀರು ಕಾಲರಾವನ್ನು ಹಿಂದಕ್ಕೆ ತಳ್ಳಬಲ್ಲುದಾಗಿತ್ತು. ಆದರೆ ನೀರಿನಿಂದ ಹರಡದ ಪ್ಲೇಗನ್ನು ತಡೆಯಬಲ್ಲುದಾಗಿರಲಿಲ್ಲ. ಒಂದು ರೋಗಕ್ಕೆ ಕಟ್ಟಿದ ಸೌಕರ್ಯ ಇನ್ನೊಂದು ರೋಗಕ್ಕೆ ಸಾಲದು.

ಲಸಿಕೆಯ ಕಥೆಯೂ ಹೀಗೆಯೇ. ವಾಲ್ಡೆಮರ್ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಈ ಲಸಿಕೆ ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದ ಪ್ಲೇಗ್ ಲಸಿಕೆ ಕಾರ್ಯಕ್ರಮ ಅಂದಿಗೆ ಹೊಸದು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆಯ ಒಂದು ಸೀಸೆ ಮಲಿನಗೊಂಡು 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ ಅವರ ಮೇಲೆ ಆರೋಪ ಬಂತು. ಅವರು ನಿರ್ದೋಷಿ ಎಂದು ತೀರ್ಮಾನವಾಗುವ ಹೊತ್ತಿಗೆ 1907 ಬಂದಿತ್ತು. ವರ್ಷಗಟ್ಟಲೆ ದುಡಿದು ಗಳಿಸಿದ ನಂಬಿಕೆಯನ್ನು ಕಳೆದುಕೊಳ್ಳಲು ಒಂದು ಸೀಸೆ ಸಾಕಾಯಿತು.

ಜನರು ಭಯವನ್ನು ಎದುರಿಸಿದ ಇನ್ನೊಂದು ದಾರಿ ಸಾಮೂಹಿಕ ಪೂಜೆ. ಸಿಡುಬು, ಕಾಲರಾಗಳಂತೆ ಪ್ಲೇಗನ್ನೂ ಜನ ಮಾರಿಯ ರೂಪದಲ್ಲಿ ಕಂಡರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮ, ಪ್ಲೇಗಮ್ಮ ಎಂಬ ಹೆಸರಿನ ಗುಡಿಗಳು ಹುಟ್ಟಿದವು. ಅವುಗಳಲ್ಲಿ ಕೆಲವು ಇಂದಿಗೂ ಪೂಜೆಗೊಳ್ಳುತ್ತಿವೆ. ತಂಬಿಟ್ಟಿನ ಆರತಿ ಹೊತ್ತು ಮಾರಿಯನ್ನು ಒಲಿಸಿಕೊಂಡು ಊರ ಗಡಿ ದಾಟಿಸುವ ಹಬ್ಬಕ್ಕೆ ಇಡೀ ಊರು ಸೇರುತ್ತಿತ್ತು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ಪೂಜೆಯಿಂದ ಸೂಕ್ಷ್ಮಾಣು ಸಾಯಲಿಲ್ಲ, ನಿಜ. ಆದರೆ ಮನೆ ಮನೆಯಲ್ಲಿ ಒಂಟಿಯಾಗಿ ನಡುಗುತ್ತಿದ್ದ ಜನಕ್ಕೆ ‘ಇದು ಎಲ್ಲರ ಕಷ್ಟ’ ಎಂಬ ಧೈರ್ಯವನ್ನು ಅದು ಕೊಟ್ಟಿತು. ಕ್ಯಾಂಪಿನ ಪೊಲೀಸರು ಕೊಡಲಾರದ ಧೈರ್ಯ ಅದು.

ಹೊಸ ಸೇವೆಗಳು

ಪ್ಲೇಗಿನ ಒತ್ತಡದಿಂದ ಸಿಟಿಯ ಆಡಳಿತದಲ್ಲಿ ಕೆಲವು ಮುಖ್ಯ ಬದಲಾವಣೆಗಳಾದವು. ಮೇಲ್ವಿಚಾರಣೆಗೆ ಅನುಕೂಲವಾಗುವಂತೆ ನಗರವನ್ನು ನಾಲ್ಕು ವಾರ್ಡುಗಳಾಗಿ ವಿಂಗಡಿಸಿದರು. ಆರೋಗ್ಯಾಧಿಕಾರಿಯನ್ನು ನೇಮಿಸಿದರು. ಪ್ಲೇಗ್ ಕೆಲಸವನ್ನು ಹೊಂದಿಸಿಕೊಂಡು ನಡೆಸಲು ದೂರವಾಣಿ ತಂತಿಗಳನ್ನು ಎಳೆಸಿದರು. ಹೊಸ ಮನೆ ಕಟ್ಟುವವರು ಗಾಳಿ, ಬೆಳಕು, ಕಕ್ಕಸು, ಚರಂಡಿಗಳಿಗೆ ಅನುಕೂಲ ಮಾಡಬೇಕೆಂಬ ನಿಯಮಗಳು ಬಂದವು. 1897ರಲ್ಲಿ ಶಂಕುಸ್ಥಾಪನೆಯಾಗಿದ್ದ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಅದೇ ವಿಕ್ಟೋರಿಯಾ ಆಸ್ಪತ್ರೆ.

ಈ ಸೇವೆಗಳನ್ನು ನಡೆಸಿದ ಮನುಷ್ಯರನ್ನೂ ನೆನೆಯಬೇಕು. ಅವರಲ್ಲಿ ಒಬ್ಬರು ಡಾ. ಪಿ. ಪಲ್ಪು. 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದ ಅವರಿಗೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದಾಗ ಅವರು ಕ್ಯಾಂಪುಗಳಲ್ಲಿ ಪ್ರಾಣದ ಹಂಗು ತೊರೆದು ರೋಗಿಗಳ ನಡುವೆ ದುಡಿದರು. ಮುಂದೆ 1903ರಲ್ಲಿ ಶ್ರೀ ನಾರಾಯಣ ಗುರುಗಳ ಮಾರ್ಗದರ್ಶನದಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪಿಸಿದವರಲ್ಲಿ ಅವರೂ ಪ್ರಮುಖರು. ತನ್ನ ನಾಡು ಮುಟ್ಟಲೊಲ್ಲದ ಕೈ ಇನ್ನೊಂದು ನಾಡಿನ ಪ್ಲೇಗ್ ರೋಗಿಗಳ ನಾಡಿ ಹಿಡಿಯಿತು.

ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದೂ ಇದೇ ಸಮಯದಲ್ಲಿ. ಪೇಟೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು. ನೇರವಾದ ಅಗಲ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ತೆರವು ಜಾಗ, ಮರಗಿಡ, ಹಿಂದೆ ಕನ್ಸರ್ವೆನ್ಸಿ ಲೇನ್. ಕಾಡು, ಹೊಲ ಎಂದು ಮೊದಲು ಹಿಂಜರಿಯುತ್ತಿದ್ದ ಜನರನ್ನು ಪ್ಲೇಗಿನ ಭಯ ಅಲ್ಲಿಗೆ ಕಳುಹಿಸಿತು. ದಂಡಿನ ಕಡೆಯಲ್ಲೂ ಇದೇ ಪ್ರಯತ್ನ ನಡೆಯಿತು. ಅಲ್ಲಿ 1910ರಲ್ಲಿ ರೂಪುಗೊಂಡ ಫ್ರೇಜರ್ ಟೌನ್‌ಗೆ ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನಿಟ್ಟರು. ಮುಂದೆ ಅದು ಪುಲಿಕೇಶಿನಗರವಾಯಿತು. ಎತ್ತರದ ತಳಪಾಯ, ಇಲಿ ಬಿಲ ತೋಡಲಾಗದ ಗಟ್ಟಿ ನೆಲ, ಒಳಗೆ ಗಾಳಿ ಬೆಳಕು, ಇದು ಅಲ್ಲಿನ ಮನೆಗಳ ಹಿಂದಿದ್ದ ತತ್ವ. ಈ ಅನುಭವವನ್ನು ಜೆ.ಎಚ್. ಸ್ಟೀಫನ್ಸ್ ಎಂಬವರು 1914ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪ್ಲೇಗ್ ತಗಲದಂತೆ ಬೆಂಗಳೂರಿನಲ್ಲಿ ಊರು ಕಟ್ಟುವ ಕ್ರಮವೇ ಅದರ ವಿಷಯ. ಮೈಸೂರು ನಗರದಲ್ಲಿ 1903ರಲ್ಲೇ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು.

ಓಣಿಯಲ್ಲಿ ನಡೆದವರು

ಈಗ ನಾವು ಆರಂಭದ ಪ್ರಶ್ನೆಗೆ ಮರಳೋಣ. ಮನೆಗಳ ಹಿಂದಿನ ಆ ಓಣಿ ಏಕೆ? ಆ ಕಾಲದ ಕಕ್ಕಸುಗಳಿಗೆ ಒಳಚರಂಡಿ ಇರಲಿಲ್ಲ. ಹಿತ್ತಿಲ ಗೋಡೆಯ ಸಣ್ಣ ಬಾಗಿಲಿನ ಮೂಲಕ ಮಲವನ್ನು ಕೈಯಿಂದ ಬಳಿದು, ಬಕೆಟ್ಟಿನಲ್ಲೋ ಬುಟ್ಟಿಯಲ್ಲೋ ತುಂಬಿ ಹೊತ್ತೊಯ್ಯುವವರು ಬೇಕಾಗಿತ್ತು. ಅವರು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು. ಅವರಿಗಾಗಿ ಮಾಡಿದ ದಾರಿ ಅದು. ಶುಚಿತ್ವಕ್ಕಾಗಿ ಕಟ್ಟಿದ ಮಾದರಿ ಬಡಾವಣೆಯ ನಕ್ಷೆಯಲ್ಲೇ ಅಸ್ಪೃಶ್ಯತೆಗೆ ಒಂದು ಗೆರೆ ಎಳೆಯಲಾಗಿತ್ತು. ನಿವೇಶನಗಳನ್ನು ಹಂಚುವಾಗಲೂ ಜಾತಿ, ಸಮುದಾಯಗಳಿಗೆ ಅನುಸಾರವಾಗಿ ವಿಭಾಗ ಮಾಡಲಾಗಿತ್ತು. ಹೊಸ ಬಡಾವಣೆಗೆ ಹೋಗಿ ಮನೆ ಕಟ್ಟುವ ಶಕ್ತಿ ಇದ್ದವರು ಹೋದರು. ಮಗ್ಗವನ್ನೂ ಅಂಗಡಿಯನ್ನೂ ಬಿಡಲಾಗದವರು, ದಿನಗೂಲಿಯವರು, ನಗರವನ್ನು ಗುಡಿಸುವವರು ಹಳೆಯ ಇಕ್ಕಟ್ಟಿನಲ್ಲೇ ಉಳಿದರು. ಎಲ್ಲಕ್ಕಿಂತ ಹೆಚ್ಚು ಅಪಾಯದ ಕೆಲಸ ಮಾಡಿದವರಿಗೆ ಎಲ್ಲಕ್ಕಿಂತ ಕಡಿಮೆ ರಕ್ಷಣೆ ದೊರೆಯಿತು.

ಬೆಂಗಳೂರಿನಲ್ಲಿ ಒಳಚರಂಡಿಯ ಕೆಲಸ ಆರಂಭವಾದದ್ದು 1922ರಲ್ಲಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು ಮುಂದಾದವರು ಸಚಿವ ಬಿ. ಬಸವಲಿಂಗಪ್ಪನವರು, ಅದು 1970ರ ದಶಕದ ಮೊದಲ ವರ್ಷಗಳಲ್ಲಿ. ಇಡೀ ದೇಶಕ್ಕೆ ಅನ್ವಯಿಸುವಂಥ ಕಾನೂನುಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಪ್ಲೇಗ್ ಬಂದಾಗ ನಗರಕ್ಕೆ ಬಂದ ಅವಸರ ಈ ವಿಷಯದಲ್ಲಿ ಬರಲಿಲ್ಲ ಎಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಪ್ಲೇಗ್ ಹೋಯಿತು, ಪಾಠ ಉಳಿಯಿತು

1896ರಿಂದ ಮುಂದಿನ ಕೆಲವು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು ಬಂದ ಮೇಲೆ ಅದು ಗುಣಪಡಿಸಬಹುದಾದ ರೋಗವಾಯಿತು. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ ಕಂಡ ನಂತರ ದೀರ್ಘಕಾಲ ಅದು ದೇಶದಲ್ಲಿ ತಲೆ ಎತ್ತಲಿಲ್ಲ. 1994ರಲ್ಲಿ ಸೂರತ್‌ನಲ್ಲಿ ಮತ್ತೆ ಪ್ಲೇಗಿನ ಸುದ್ದಿ ಬಂದಾಗ ಜನ ನೂರು ವರ್ಷ ಹಿಂದಿನಂತೆಯೇ ರೈಲು ಹತ್ತಿ ಓಡಿದರು. ಆ ನಗರ ಎಚ್ಚೆತ್ತು ಕಸ, ಚರಂಡಿಗಳ ವ್ಯವಸ್ಥೆಯನ್ನು ಸರಿಪಡಿಸಿಕೊಂಡಿತು.

2020ರಲ್ಲಿ ಕೋವಿಡ್ ಬಂದಾಗಲೂ ಹಳೆಯ ದೃಶ್ಯಗಳು ಮರುಕಳಿಸಿದವು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಿಂದಲೇ ವರದಿಯಾಯಿತು. ಸರ್ಕಾರ ಮೊದಲು ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ಅನಂತರ ಅದೇ ವರ್ಷ ಕರ್ನಾಟಕ ತನ್ನದೇ ಕಾಯಿದೆ ಮಾಡಿಕೊಂಡಿತು. ಕೋವಿಡ್ ರೋಗಿಗಳಿಗೆಂದು ಮೀಸಲಾದ ಆಸ್ಪತ್ರೆಗಳಲ್ಲಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯೂ ಇತ್ತು. ರೋಗವನ್ನು ಮುಚ್ಚಿಟ್ಟ ಮನೆಗಳು, ಸತ್ತವರ ಮುಖ ನೋಡಲಾಗದೆ ಅತ್ತವರು, ಲಸಿಕೆಯ ಬಗ್ಗೆ ಹಬ್ಬಿದ ಗಾಳಿಮಾತು, ಎಲ್ಲರೂ ಮನೆಯೊಳಗಿದ್ದಾಗ ಬೀದಿಯಲ್ಲಿ ಪೊರಕೆ ಹಿಡಿದಿದ್ದ ಪೌರಕಾರ್ಮಿಕರು, ಇವನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ.

ಹಾಗಾದರೆ 1898ರ ಬೆಂಗಳೂರು ನಮಗೆ ಏನು ಹೇಳುತ್ತದೆ? ಮೊದಲನೆಯದಾಗಿ, ನೀರು, ಚರಂಡಿ, ಆಸ್ಪತ್ರೆಗಳ ಯೋಜನೆಗಳು ರೋಗ ಬರುವ ಮೊದಲೇ ಕೈಗೂಡಬೇಕು. ಕಡತದಲ್ಲಿರುವ ಯೋಜನೆ ಯಾರ ಪ್ರಾಣವನ್ನೂ ಉಳಿಸದು. ಎರಡನೆಯದಾಗಿ, ಸೇವೆಯನ್ನು ಬಲವಂತದಿಂದ ಹೇರಲಾಗದು. ಜನರ ತಿಳಿವಳಿಕೆಯನ್ನೂ ಮರ್ಯಾದೆಯನ್ನೂ ಗೌರವಿಸಿದಾಗಲೇ ಅದು ಮನೆಯೊಳಗೆ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ನಗರ ಎಷ್ಟು ಶುಚಿಯಾಗಿದೆ ಎಂದು ತಿಳಿಯಲು ಮುಂಬಾಗಿಲ ಬೀದಿಯನ್ನು ನೋಡಿದರೆ ಸಾಲದು. ಹಿಂದಿನ ಓಣಿಯಲ್ಲಿ ಯಾರು ನಡೆಯುತ್ತಿದ್ದಾರೆ, ಅವರು ಎಂಥ ಮನೆಗೆ ಮರಳುತ್ತಾರೆ ಎಂಬುದನ್ನು ನೋಡಬೇಕು.

ಯೋಚಿಸಿ, ಕೇಳಿ ತಿಳಿಯಿರಿ

1. ನಿಮ್ಮ ಊರಿಗೆ ಕೊಳವೆ ನೀರು ಯಾವ ವರ್ಷ ಬಂತು? ಅದಕ್ಕೆ ಮೊದಲು ಯಾವ ಕೆರೆ, ಬಾವಿಗಳನ್ನು ಬಳಸುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ ಬರೆದಿಡಿ.

2. ಪ್ಲೇಗ್, ಸಿಡುಬು ಅಥವಾ ಕಾಲರಾಕ್ಕೆ ಸಂಬಂಧಿಸಿದ ಗುಡಿ, ಹಬ್ಬ, ಬಯಲಿನ ಹೆಸರು ನಿಮ್ಮ ಸುತ್ತಮುತ್ತ ಉಳಿದಿದೆಯೇ?

3. 1891 ಮತ್ತು 1901ರ ಜನಗಣತಿಯ ಅಂಕಿಗಳಲ್ಲಿ ಕಾಣುವ ಇಳಿತಕ್ಕೆ ಸಾವಲ್ಲದೆ ಬೇರೆ ಯಾವ ಕಾರಣಗಳಿರಬಹುದು?

4. ನಿಮ್ಮ ಬೀದಿಯನ್ನು ಪ್ರತಿದಿನ ಗುಡಿಸುವವರೊಡನೆ ಮಾತನಾಡಿ. ಅವರ ಕೆಲಸ ಎಷ್ಟು ಗಂಟೆಗೆ ಆರಂಭವಾಗುತ್ತದೆ, ಅವರ ಮನೆ ಎಲ್ಲಿದೆ, ಕಾಯಿಲೆ ಬಿದ್ದರೆ ಅವರು ಎಲ್ಲಿಗೆ ಹೋಗುತ್ತಾರೆ ಎಂದು ತಿಳಿದುಕೊಳ್ಳಿ.